ಆದಾಯದ ಅಸಮಾನತೆ, ಬಡತನ ಮತ್ತು ಆರ್ಥಿಕ ಅಭಿವೃದ್ಧಿ: ಕರ್ನಾಟಕದ ಪ್ರಾದೇಶಿಕ ಅಂತರ

ಉಣ್ಣಲು, ಉಡಲು, ಮಕ್ಕಳನ್ನು ಓದಿಸಲು, ಕಾಯಿಲೆ ಬಿದ್ದಾಗ ಔಷಧಿ ತರಲು ಬೇಕಾದಷ್ಟು ಇಲ್ಲದಿರುವುದು ಬಡತನ. ಒಬ್ಬರಿಗಿರುವುದಕ್ಕೂ ಮತ್ತೊಬ್ಬರಿಗಿರುವುದಕ್ಕೂ ನಡುವಿನ ದೂರ ಅಸಮಾನತೆ. ಎಲ್ಲರೂ ಒಂದೇ ಸಮನಾಗಿ ಹಸಿದಿರುವ ಊರಿನಲ್ಲಿ ಅಸಮಾನತೆ ಸೊನ್ನೆ, ಬಡತನ ನೂರಕ್ಕೆ ನೂರು. ಹಾಗಾಗಿ ಒಂದನ್ನು ಅಳೆದು ಇನ್ನೊಂದರ ಬಗ್ಗೆ ತೀರ್ಪು ಕೊಡಲಾಗದು. ನಾಡಿನ ಒಟ್ಟು ಉತ್ಪನ್ನ ವರ್ಷದಿಂದ ವರ್ಷಕ್ಕೆ ಏರುವುದು ಬೆಳವಣಿಗೆ. ಆ ಏರಿಕೆಯ ಜೊತೆ ಜನರ ಆಯುಷ್ಯ, ವಿದ್ಯೆ, ದುಡಿಮೆಯ ಬಗೆ ಎಲ್ಲವೂ ಬದಲಾದರೆ ಅದು ಅಭಿವೃದ್ಧಿ. ಬೆಳವಣಿಗೆ ಸಾಕಷ್ಟು ವೇಗವಾಗಿದ್ದರೆ ಬಡತನ ತಾನಾಗಿ ಕರಗುತ್ತದೆಯೆ, ಹಂಚಿಕೆಯ ಮಾತನ್ನು ಆಮೇಲೆ ಎತ್ತಿಕೊಳ್ಳಬಹುದೆ ಎಂಬುದು ಅರ್ಥಶಾಸ್ತ್ರಜ್ಞರ ನಡುವೆ ಎಪ್ಪತ್ತು ವರ್ಷಗಳಿಂದ ನಡೆದಿರುವ ವಾದ. ಬೆಳವಣಿಗೆಯಿಲ್ಲದೆ ಬಡತನ ದೊಡ್ಡ ಪ್ರಮಾಣದಲ್ಲಿ ಇಳಿದ ನಾಡು ಸಿಗುವುದು ಕಷ್ಟ. ಆದರೆ ಅದೇ ಬೆಳವಣಿಗೆ ಒಂದು ಕಡೆ ಬಡತನವನ್ನು ಬೇಗ ಇಳಿಸುತ್ತದೆ, ಇನ್ನೊಂದು ಕಡೆ ಮುಟ್ಟದೆಯೇ ಹಾದುಹೋಗುತ್ತದೆ. ಈ ವ್ಯತ್ಯಾಸವನ್ನು ಬಹುಮಟ್ಟಿಗೆ ನಿರ್ಧರಿಸುವುದು ಬೆಳವಣಿಗೆ ಶುರುವಾಗುವ ಹೊತ್ತಿಗೆ ನೆಲ, ಅಕ್ಷರ, ಸಾಲದ ಸೌಲಭ್ಯ ಯಾರ ಕೈಯಲ್ಲಿದ್ದವು ಎಂಬ ಸಂಗತಿ. ಇದನ್ನು ಪರೀಕ್ಷಿಸಲು ಕರ್ನಾಟಕಕ್ಕಿಂತ ಅನುಕೂಲವಾದ ಉದಾಹರಣೆ ಭಾರತದಲ್ಲಿ ಕಡಿಮೆ. 1956ರ ನವೆಂಬರ್ 1ರಂದು ಐದು ಬೇರೆಬೇರೆ ಆಡಳಿತಗಳ ಕೆಳಗಿದ್ದ ಕನ್ನಡ ಪ್ರದೇಶಗಳು ಒಂದೇ ಶಾಸನಸಭೆಯ, ಒಂದೇ ಬಜೆಟ್ಟಿನ, ಒಂದೇ ಕಾನೂನಿನ ಅಡಿಗೆ ಬಂದವು. ಆರಂಭದ ಸ್ಥಿತಿ ಬೇರೆ, ಆಮೇಲಿನ ಸರ್ಕಾರ ಒಂದೇ.

ಇಂದಿನ ಚಿತ್ರ ಹೀಗಿದೆ. 2011ರ ಜನಗಣತಿಯಂತೆ ರಾಜ್ಯದ 6.11 ಕೋಟಿ ಜನರಲ್ಲಿ ಬೆಂಗಳೂರು ನಗರ ಜಿಲ್ಲೆಯವರು 96 ಲಕ್ಷ, ಅಂದರೆ ಆರರಲ್ಲಿ ಒಂದು ಪಾಲಿಗಿಂತ ತುಸು ಕಡಿಮೆ. ಆದರೆ ರಾಜ್ಯದ ಒಟ್ಟು ಉತ್ಪನ್ನದಲ್ಲಿ ಆ ಜಿಲ್ಲೆಯ ಪಾಲು ಮೂರನೇ ಒಂದಕ್ಕಿಂತ ಹೆಚ್ಚು. ರಾಜ್ಯದ ಆರ್ಥಿಕ ಸಮೀಕ್ಷೆಗಳಲ್ಲಿ ತಲಾ ಆದಾಯದ ಪಟ್ಟಿಯ ತುದಿಯಲ್ಲಿ ಬೆಂಗಳೂರು ನಗರ, ಅದರ ಹಿಂದೆ ದಕ್ಷಿಣ ಕನ್ನಡ ಇರುತ್ತವೆ; ತಳದಲ್ಲಿ ಕಲಬುರಗಿ. ತುದಿಗೂ ತಳಕ್ಕೂ ಹೆಚ್ಚುಕಡಿಮೆ ಐದು ಪಟ್ಟಿನ ಅಂತರ. 2011ರಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88.57, ಯಾದಗಿರಿಯದು ಶೇ. 51.83. ತಲಾ ಆದಾಯವೆಂಬ ಲೆಕ್ಕದ ಬಗ್ಗೆ ಒಂದು ಎಚ್ಚರಿಕೆ ಮಾತ್ರ ಬೇಕು: ಅದು ಜಿಲ್ಲೆಯ ಗಡಿಯೊಳಗೆ ಹುಟ್ಟಿದ ಉತ್ಪನ್ನವನ್ನು ಜನಸಂಖ್ಯೆಯಿಂದ ಭಾಗಿಸಿದ ಮೊತ್ತ, ಅಲ್ಲಿನವರ ಜೇಬಿಗೆ ಬಂದ ಹಣವಲ್ಲ. ಬೆಂಗಳೂರಿನ ಕಟ್ಟಡದಲ್ಲಿ ಇಟ್ಟಿಗೆ ಹೊತ್ತು ಶಹಾಪುರದ ಮನೆಗೆ ಹಣ ಕಳಿಸುವವರ ದುಡಿಮೆ ಬೆಂಗಳೂರಿನ ಲೆಕ್ಕಕ್ಕೆ ಸೇರುತ್ತದೆ.

ಬಡತನವನ್ನು ಅಳೆಯುವ ಕೆಲಸದಲ್ಲಿ ಭಾರತಕ್ಕೆ ಉದ್ದನೆಯ ಪರಂಪರೆಯಿದೆ. ದಾದಾಭಾಯಿ ನವರೋಜಿ ಹತ್ತೊಂಬತ್ತನೆಯ ಶತಮಾನದಲ್ಲೇ ದೇಶದ ತಲಾ ಆದಾಯವನ್ನು ಅಂದಾಜು ಮಾಡಿ, ಕೈದಿಯೊಬ್ಬನ ಊಟಬಟ್ಟೆಯ ಖರ್ಚಿನ ಜೊತೆ ಹೋಲಿಸಿ ನೋಡಿದ್ದರು. ಸ್ವಾತಂತ್ರ್ಯಾನಂತರ, 1962ರಲ್ಲಿ, ಯೋಜನಾ ಆಯೋಗದ ಕಾರ್ಯತಂಡ 1960-61ರ ಬೆಲೆಯಲ್ಲಿ ತಿಂಗಳಿಗೆ ತಲಾ 20 ರೂಪಾಯಿಯ ಗೆರೆ ಎಳೆಯಿತು. 1971ರಲ್ಲಿ ದಾಂಡೇಕರ್ ಮತ್ತು ರಥ್ ಅದನ್ನು ದಿನಕ್ಕೆ 2,250 ಕ್ಯಾಲರಿ ಆಹಾರಕ್ಕೆ ಬೆಸೆದರು. 1979ರ ಕಾರ್ಯಪಡೆ ಹಳ್ಳಿಗೆ 2,400, ಪಟ್ಟಣಕ್ಕೆ 2,100 ಕ್ಯಾಲರಿ ಎಂದು ನಿಗದಿ ಮಾಡಿತು. ತೆಂಡೂಲ್ಕರ್ ಸಮಿತಿಯ ವಿಧಾನದಲ್ಲಿ 2011-12ಕ್ಕೆ ಗೆರೆ ಹಳ್ಳಿಯಲ್ಲಿ ತಿಂಗಳಿಗೆ 816 ರೂಪಾಯಿ, ಪಟ್ಟಣದಲ್ಲಿ 1,000 ರೂಪಾಯಿ. ಅದರಂತೆ ದೇಶದ ಬಡತನ ಶೇ. 21.9, ಕರ್ನಾಟಕದ್ದು ಶೇ. 20.9. ಗೆರೆಯನ್ನು 972 ಮತ್ತು 1,407 ರೂಪಾಯಿಗೆ ಏರಿಸಿದ ರಂಗರಾಜನ್ ಸಮಿತಿಗೆ ಅದೇ ವರ್ಷ ದೇಶದಲ್ಲಿ ಶೇ. 29.5 ಬಡವರು ಕಂಡರು. ನೂರೈವತ್ತು ನಾನೂರು ರೂಪಾಯಿಯ ವ್ಯತ್ಯಾಸಕ್ಕೆ ಹತ್ತು ಕೋಟಿಯಷ್ಟು ಜನ ಗೆರೆಯ ಆಚೆಗೀಚೆಗೆ ಸರಿಯುತ್ತಾರೆ ಎಂದರೆ ಗೆರೆಯ ಸುತ್ತಮುತ್ತ ಎಷ್ಟೊಂದು ಮಂದಿ ಒತ್ತಾಗಿ ನಿಂತಿದ್ದಾರೆ ಎಂದು ಊಹಿಸಬಹುದು. ಆ ಬಳಿಕ ನೀತಿ ಆಯೋಗ ಪೋಷಣೆ, ಶಾಲೆ, ಶೌಚಾಲಯ, ಅಡುಗೆ ಇಂಧನ, ಬ್ಯಾಂಕ್ ಖಾತೆ ಮುಂತಾದವನ್ನು ಕೂಡಿಸಿದ ಬಹುಆಯಾಮದ ಬಡತನ ಸೂಚ್ಯಂಕವನ್ನು ಬಳಕೆಗೆ ತಂದಿದೆ. ಅದರಂತೆ 2015-16ರಲ್ಲಿ ಶೇ. 24.85 ಇದ್ದ ದೇಶದ ಬಡತನ 2019-21ರಲ್ಲಿ ಶೇ. 14.96ಕ್ಕೆ, ಕರ್ನಾಟಕದ್ದು ಶೇ. 12.77ರಿಂದ ಶೇ. 7.58ಕ್ಕೆ ಇಳಿಯಿತು. ಸಂತೋಷದ ಸುದ್ದಿಯೇ. ಆದರೆ ಈ ರಾಜ್ಯ ಸರಾಸರಿಯೊಳಗೆ, 2015-16ರಲ್ಲಿ ಐವರಲ್ಲಿ ಇಬ್ಬರು ಬಡವರಾಗಿದ್ದ ಯಾದಗಿರಿ ಜಿಲ್ಲೆಯೂ ಅಡಗಿತ್ತು.

ಅಸಮಾನತೆಯ ಅಳತೆ ಇನ್ನೂ ಜಟಿಲ. ಹೆಚ್ಚು ಬಳಕೆಯಲ್ಲಿರುವುದು ಇಟಲಿಯ ಕೊರಾಡೊ ಗಿನಿ 1912ರಲ್ಲಿ ರೂಪಿಸಿದ ಸೂಚ್ಯಂಕ. ಎಲ್ಲರಿಗೂ ಸಮಪಾಲು ಇದ್ದರೆ ಸೊನ್ನೆ, ಒಬ್ಬನಲ್ಲೇ ಎಲ್ಲವೂ ಇದ್ದರೆ ಒಂದು. ಭಾರತದ ಮನೆವೆಚ್ಚದ ಸಮೀಕ್ಷೆಗಳನ್ನು ಆಧರಿಸಿ ವಿಶ್ವಬ್ಯಾಂಕ್ ಲೆಕ್ಕಹಾಕಿದ ಗಿನಿ 2011-12ರ 0.288ರಿಂದ 2022-23ಕ್ಕೆ 0.255ಕ್ಕೆ ಇಳಿದಿದೆ. ಇದನ್ನೇ ಹಿಡಿದು ಭಾರತ ಜಗತ್ತಿನ ಅತಿ ಸಮಾನ ಸಮಾಜಗಳಲ್ಲೊಂದು ಎನ್ನುವವರಿದ್ದಾರೆ. ಈ ವಾದ ಒಪ್ಪುವಂಥದ್ದಲ್ಲ. ಅದು ಖರ್ಚಿನ ಗಿನಿಯೇ ಹೊರತು ಆದಾಯದ್ದಲ್ಲ. ಬಡವರು ಗಳಿಸಿದ್ದನ್ನೆಲ್ಲ ಖರ್ಚು ಮಾಡುತ್ತಾರೆ, ಕೆಲವೊಮ್ಮೆ ಸಾಲ ತಂದು ಗಳಿಕೆಗಿಂತ ಹೆಚ್ಚು. ಶ್ರೀಮಂತರು ಗಳಿಕೆಯ ದೊಡ್ಡ ಪಾಲನ್ನು ಉಳಿಸುತ್ತಾರೆ. ಉಳಿದದ್ದು ನಿವೇಶನವಾಗಿ, ಷೇರಾಗಿ, ಚಿನ್ನವಾಗಿ ಕೂರುತ್ತದೆ. ಮನೆವೆಚ್ಚದ ಸಮೀಕ್ಷೆಗೆ ಅದು ಕಾಣುವುದಿಲ್ಲ. ಆದಾಯ ಸಂಪತ್ತುಗಳನ್ನು ಅಳೆಯುವ ಅಧ್ಯಯನಗಳು ಬೇರೆಯದನ್ನೇ ಹೇಳುತ್ತವೆ: ತೆರಿಗೆ ದಾಖಲೆ, ರಾಷ್ಟ್ರೀಯ ಲೆಕ್ಕ, ಸಮೀಕ್ಷೆಗಳನ್ನು ಕೂಡಿಸಿ ತೋಮಾ ಪಿಕೆಟ್ಟಿ ಮತ್ತು ಸಂಗಡಿಗರು 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ 2022-23ರಲ್ಲಿ ದೇಶದ ಮೇಲ್ತುದಿಯ ಶೇ. 1 ಮಂದಿಗೆ ಆದಾಯದ ಶೇ. 22.6, ಸಂಪತ್ತಿನ ಶೇ. 40.1 ಸೇರಿತ್ತು, 1980ರ ದಶಕದ ಆರಂಭದಲ್ಲಿ ಆದಾಯದ ಆ ಪಾಲು ಶೇ. 6ರ ಆಸುಪಾಸಿನಲ್ಲಿತ್ತು. ಈ ಅಂದಾಜಿಗೂ ಟೀಕಾಕಾರರಿದ್ದಾರೆ. ಆದಾಯ ತೆರಿಗೆ ಕಟ್ಟುವವರೇ ಕಡಿಮೆಯಿರುವ ದೇಶದಲ್ಲಿ ಉಳಿದವರ ಆದಾಯವನ್ನು ಊಹಿಸಬೇಕಾಗುತ್ತದೆ ಎಂಬ ಅವರ ಆಕ್ಷೇಪದಲ್ಲಿ ಹುರುಳಿದೆ. ಆದರೂ ತಳದವರ ಊಟ ಸುಧಾರಿಸಿತು, ಮೇಲಿನವರ ಆಸ್ತಿ ಅದಕ್ಕಿಂತ ಬಹಳ ವೇಗವಾಗಿ ಬೆಳೆಯಿತು ಎಂಬ ಎರಡು ಮಾತುಗಳು ಒಟ್ಟಿಗೇ ನಿಜವಾಗಿರಲು ಅಡ್ಡಿಯಿಲ್ಲ.

ಬೆಳವಣಿಗೆಗೂ ಅಸಮಾನತೆಗೂ ಇರುವ ನಂಟಿನ ಚರ್ಚೆಯನ್ನು ಈ ರೂಪಕ್ಕೆ ತಂದವರು ಸೈಮನ್ ಕುಜ್ನೆಟ್ಸ್. 1954ರಲ್ಲಿ ಅಮೆರಿಕದ ಅರ್ಥಶಾಸ್ತ್ರ ಸಂಘದ ಅಧ್ಯಕ್ಷ ಭಾಷಣದಲ್ಲಿ ಅವರು, ಬೇಸಾಯದ ನಾಡು ಕೈಗಾರಿಕೆಯ ನಾಡಾಗುವಾಗ ಅಸಮಾನತೆ ಮೊದಲು ಏರಿ ಆಮೇಲೆ ಇಳಿಯಬಹುದು ಎಂದು ಸೂಚಿಸಿದರು. ಅವರ ಕೈಯಲ್ಲಿದ್ದದ್ದು ಅಮೆರಿಕ, ಇಂಗ್ಲೆಂಡ್, ಜರ್ಮನಿಗಳ ಕೆಲವೇ ಅಂಕಿಅಂಶ. ತಮ್ಮ ಮಾತಿನಲ್ಲಿ ಬಹುಪಾಲು ಊಹೆಯೇ ಎಂದು ಅವರೇ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದರು. ಅನುಯಾಯಿಗಳಿಗೆ ಆ ಸಂಕೋಚ ಇರಲಿಲ್ಲ. ಅದೇ ವರ್ಷ ಆರ್ಥರ್ ಲೂಯಿಸ್, ಹಳ್ಳಿಯಲ್ಲಿ ಹೆಚ್ಚುವರಿಯಾಗಿರುವ ದುಡಿಯುವ ಕೈಗಳು ಕಡಿಮೆ ಕೂಲಿಗೆ ಕಾರ್ಖಾನೆಗೆ ಹರಿದು, ಲಾಭ ಮತ್ತೆ ಬಂಡವಾಳವಾಗಿ, ಕೊನೆಗೆ ಹೆಚ್ಚುವರಿ ಮುಗಿದಾಗ ಕೂಲಿ ಏರುತ್ತದೆ ಎಂದು ವಿವರಿಸಿದರು. 1965ರಲ್ಲಿ ಜೆಫ್ರಿ ವಿಲಿಯಮ್ಸನ್ ಇದೇ ಏರಿಳಿತವನ್ನು ಒಂದೇ ದೇಶದ ಪ್ರದೇಶಗಳಿಗೂ ಅನ್ವಯಿಸಿದರು: ಮೊದಲು ಒಂದೆರಡು ಕೇಂದ್ರಗಳು ಮುಂದೋಡುತ್ತವೆ, ನಂತರ ಉಳಿದವು ಅವನ್ನು ಕೂಡಿಕೊಳ್ಳುತ್ತವೆ. ಇದಕ್ಕೆ ವಿರುದ್ಧವಾಗಿ ಸ್ವೀಡನ್ನಿನ ಗುನ್ನಾರ್ ಮಿರ್ಡಾಲ್ 1957ರಲ್ಲೇ ಎಚ್ಚರಿಸಿದ್ದರು. ಮುಂದಿರುವ ಪ್ರದೇಶ ಹಿಂದಿರುವುದರಿಂದ ಓದಿದವರನ್ನು, ಠೇವಣಿಯನ್ನು, ವ್ಯಾಪಾರವನ್ನು ಸೆಳೆದುಕೊಳ್ಳುತ್ತದೆ. ಮೇಲಿನಿಂದ ಹರಿದು ಬರುವುದಕ್ಕಿಂತ ಈ ಸೆಳೆತವೇ ಬಲವಾದರೆ ಅಂತರ ತಾನಾಗಿ ಮುಚ್ಚದು, ಪ್ರತಿ ವರ್ಷ ಇನ್ನಷ್ಟು ಅಗಲವಾಗುತ್ತದೆ. ಕರ್ನಾಟಕದ ಎಪ್ಪತ್ತು ವರ್ಷಗಳು ವಿಲಿಯಮ್ಸನ್ನರಿಗಿಂತ ಮಿರ್ಡಾಲರಿಗೇ ಹೆಚ್ಚು ಸಾಕ್ಷಿ ನುಡಿಯುತ್ತವೆ.

ಇಲ್ಲಿ ಎದುರಾಗುವ ದೊಡ್ಡ ಆಕ್ಷೇಪ ಚೀನಾದ್ದು. 1978ರ ನಂತರದ ನಾಲ್ಕು ದಶಕಗಳಲ್ಲಿ ಅಲ್ಲಿ ಸುಮಾರು 80 ಕೋಟಿ ಜನ ಕಡುಬಡತನದಿಂದ ಹೊರಬಂದರು. ಅದೇ ಅವಧಿಯಲ್ಲಿ ಗಿನಿ 0.3ರ ಆಸುಪಾಸಿನಿಂದ 2008ರ ಹೊತ್ತಿಗೆ 0.49ಕ್ಕೆ ಏರಿತು. ಅಸಮಾನತೆ ಬೆಳೆದರೇನಂತೆ, ಬಡತನ ಅಳಿಯಿತಲ್ಲ ಎಂಬ ಪ್ರಶ್ನೆ ಸಹಜ. ಆದರೆ ಚೀನಾ ಓಟ ಶುರು ಮಾಡಿದ್ದು ಎಲ್ಲಿಂದ ಎಂದು ನೋಡಬೇಕು. ಕಮ್ಯೂನುಗಳನ್ನು ಒಡೆದಾಗ ಸಾಗುವಳಿ ಜಮೀನು ಹಳ್ಳಿಯ ಕುಟುಂಬಗಳಿಗೆ ಹೆಚ್ಚುಕಡಿಮೆ ತಲೆಗಿಷ್ಟರಂತೆ ಹಂಚಿಹೋಯಿತು; ಪ್ರಾಥಮಿಕ ಶಾಲೆಯೂ ಪ್ರಾಥಮಿಕ ಆರೋಗ್ಯವೂ ಆಗಲೇ ಹಳ್ಳಿ ಮುಟ್ಟಿದ್ದವು. ದಕ್ಷಿಣ ಕೊರಿಯಾ, ತೈವಾನ್‌ಗಳು 1950ರ ದಶಕದ ಆರಂಭದಲ್ಲೇ ಜಮೀನನ್ನು ಉಳುವವರಿಗೆ ಕೊಟ್ಟು ಆಮೇಲೆ ರಫ್ತಿನ ಕಾರ್ಖಾನೆ ಕಟ್ಟಿದವು. ಅದೇ ಬ್ರೆಜಿಲ್ 1968ರಿಂದ 1973ರವರೆಗೆ ವರ್ಷಕ್ಕೆ ಶೇ. 10ರಷ್ಟು ವೇಗದಲ್ಲಿ ಬೆಳೆದರೂ, ದೊಡ್ಡ ಜಮೀನ್ದಾರಿಕೆ ಮತ್ತು ಅನಕ್ಷರತೆಯ ಮೇಲೆ ನಿಂತ ಆ ಬೆಳವಣಿಗೆ ಬಡವರಿಗೆ ಅಲ್ಪವನ್ನಷ್ಟೇ ಕೊಟ್ಟಿತು. ಭಾರತದ ರಾಜ್ಯಗಳನ್ನು ಹೋಲಿಸಿದ ಗೌರವ್ ದತ್ ಮತ್ತು ಮಾರ್ಟಿನ್ ರವಾಲಿಯನ್ ಕಂಡದ್ದೂ ಇದನ್ನೇ. ಬೇಸಾಯೇತರ ಬೆಳವಣಿಗೆ ಬಡತನವನ್ನು ಎಷ್ಟು ಇಳಿಸಿತು ಎಂಬುದು ರಾಜ್ಯದಿಂದ ರಾಜ್ಯಕ್ಕೆ ತೀರಾ ಬೇರೆಯಾಗಿತ್ತು. ಆರಂಭದಲ್ಲಿ ಸಾಕ್ಷರತೆ ಮತ್ತು ಬೇಸಾಯದ ಇಳುವರಿ ಹೆಚ್ಚಿದ್ದ, ಭೂಹೀನರು ಕಡಿಮೆಯಿದ್ದ ಕಡೆ ಅದೇ ಬೆಳವಣಿಗೆ ಬಡವರಿಗೆ ಹೆಚ್ಚು ದಕ್ಕಿತು.

ಕರ್ನಾಟಕದ ಭಾಗಗಳು 1956ಕ್ಕೆ ಹೊತ್ತು ತಂದ ಆಸ್ತಿ ಒಂದೇ ಬಗೆಯದಾಗಿರಲಿಲ್ಲ. ಹಳೆಯ ಮೈಸೂರಿನಲ್ಲಿ 1902ರಲ್ಲೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದಿತ್ತು. 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ವಿಶ್ವವಿದ್ಯಾನಿಲಯ, 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಬಂದವು. ಮದರಾಸು ಪ್ರಾಂತ್ಯದಲ್ಲಿದ್ದ ಕರಾವಳಿಗೆ ಬಾಸೆಲ್ ಮಿಷನ್ನಿನ ಶಾಲೆ, ಮುದ್ರಣ, 1865ರಿಂದ ಹೆಂಚಿನ ಕಾರ್ಖಾನೆ ಸಿಕ್ಕಿದವು; ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಎಂಬ ನಾಲ್ಕು ಬ್ಯಾಂಕುಗಳು ಆಗಿನ ಅವಿಭಜಿತ ದಕ್ಷಿಣ ಕನ್ನಡವೊಂದೇ ಜಿಲ್ಲೆಯಲ್ಲಿ ಹುಟ್ಟಿದವು. ಮುಂಬಯಿ ಕರ್ನಾಟಕಕ್ಕೆ ಧಾರವಾಡದ ವಿದ್ಯಾಸಂಸ್ಥೆಗಳಾದರೂ ಇದ್ದವು. ನಿಜಾಮರ ಹೈದರಾಬಾದಿನ ಕನ್ನಡ ಜಿಲ್ಲೆಗಳ ಸ್ಥಿತಿ ಬೇರೆ. ಸಂಸ್ಥಾನದ ನೆಲದಲ್ಲಿ ಸುಮಾರು ಐದನೇ ಎರಡು ಭಾಗ ಜಹಗೀರುಗಳಲ್ಲೂ ನಿಜಾಮರ ಖಾಸಗಿ ಸರ್ಫೆಖಾಸಿನಲ್ಲೂ ಇತ್ತು. ಆಡಳಿತದ ಮತ್ತು ಮೇಲಿನ ಹಂತದ ಶಿಕ್ಷಣದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವಿದ್ದದ್ದು ದೂರದ ರಾಜಧಾನಿಯಲ್ಲಿ. ಗುಲ್ಬರ್ಗದ ಬಟ್ಟೆ ಗಿರಣಿ, ಶಹಾಬಾದಿನ ಸಿಮೆಂಟು, ಹಟ್ಟಿಯ ಚಿನ್ನ ಇದ್ದವು ನಿಜ, ಆದರೆ ಅವುಗಳ ಸುತ್ತ ಓದಿದ ಕಸುಬುದಾರ ವರ್ಗವೊಂದು ಬೆಳೆಯಲಿಲ್ಲ. ರಾಜರ ಆಳ್ವಿಕೆಯೇ ಹಿಂದುಳಿಯಲು ಕಾರಣ ಎಂದು ಕೆಲವೊಮ್ಮೆ ಸುಲಭವಾಗಿ ಹೇಳಲಾಗುತ್ತದೆ. ಮೈಸೂರೂ ಸಂಸ್ಥಾನವೇ ಆಗಿತ್ತು. ವ್ಯತ್ಯಾಸವಿದ್ದದ್ದು ಆಳಿದವರು ರೈತನಿಂದ ವಸೂಲು ಮಾಡಿದ ಕಂದಾಯವನ್ನು ಯಾವುದರ ಮೇಲೆ ಖರ್ಚು ಮಾಡಿದರು, ರೈತನಿಗೂ ಸರ್ಕಾರಕ್ಕೂ ನಡುವೆ ಎಷ್ಟು ಜನ ದಲ್ಲಾಳಿಗಳು ಕೂತಿದ್ದರು ಎಂಬುದರಲ್ಲಿ. ಬ್ರಿಟಿಷ್ ಭಾರತದ ಜಿಲ್ಲೆಗಳ ಮೇಲೆ ಅಭಿಜಿತ್ ಬ್ಯಾನರ್ಜಿ ಮತ್ತು ಲಕ್ಷ್ಮಿ ಅಯ್ಯರ್ 2005ರಲ್ಲಿ ಪ್ರಕಟಿಸಿದ ಅಧ್ಯಯನವೂ, ಕಂದಾಯ ವಸೂಲಿ ಜಮೀನ್ದಾರರ ಕೈಯಲ್ಲಿದ್ದ ಜಿಲ್ಲೆಗಳು ಸ್ವಾತಂತ್ರ್ಯ ಬಂದ ಎಷ್ಟೋ ವರ್ಷಗಳ ಮೇಲೂ ಬೇಸಾಯದ ಹೂಡಿಕೆ, ಇಳುವರಿಗಳಲ್ಲಿ ಹಿಂದೆಯೇ ಉಳಿದವೆಂದು ತೋರಿಸಿತು.

ಇತಿಹಾಸದ ಮೇಲೇಕೆ ಹೊರೆ ಹೊರಿಸಬೇಕು, ಅದು ಬರದ ನಾಡು, ಮಳೆಯೇ ಇಲ್ಲ ಎಂಬ ಮಾತೂ ಇದೆ. ಅಂಕಿಅಂಶ ಇದನ್ನು ಬೆಂಬಲಿಸುವುದಿಲ್ಲ. ಚಿತ್ರದುರ್ಗದಲ್ಲಿ ಕಲಬುರಗಿಗಿಂತ ಮಳೆ ಕಡಿಮೆ, ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿಯೆಂಬುದೇ ಇಲ್ಲ. ಆದರೆ 2011ರಲ್ಲಿ ಚಿತ್ರದುರ್ಗದ ಸಾಕ್ಷರತೆ ಶೇ. 73.71, ಕೋಲಾರದ್ದು ಶೇ. 74.39 ಇದ್ದಾಗ ಕಲಬುರಗಿ ಶೇ. 64.85ರಲ್ಲಿತ್ತು. ರಾಯಚೂರಂತೂ ಕೃಷ್ಣಾ ತುಂಗಭದ್ರೆಯರ ನಡುವಿನ ದೋಆಬ್. ರಾಜ್ಯದ ಮನೆಗಳಿಗೆ ಕರೆಂಟು ಕೊಡುವ ಶಾಖೋತ್ಪನ್ನ ಸ್ಥಾವರ ಅಲ್ಲಿದೆ, ಹಟ್ಟಿಯ ಚಿನ್ನ ಅಲ್ಲಿದೆ, ನಾಡೆಲ್ಲ ಉಣ್ಣುವ ಸೋನಾ ಮಸೂರಿ ಅಲ್ಲಿಂದ ಬರುತ್ತದೆ. ಇಷ್ಟೆಲ್ಲ ಇದ್ದೂ ಅದೇ ಜಿಲ್ಲೆಯ ದೇವದುರ್ಗ, 2002ರ ಸರ್ಕಾರಿ ವರದಿಯ ಲೆಕ್ಕದಲ್ಲಿ ರಾಜ್ಯದ ಅತಿ ಹಿಂದುಳಿದ ತಾಲ್ಲೂಕೆನಿಸಿಕೊಂಡಿತು.

ನೀರು ಬಂದರೂ ಬಡತನ ಹೇಗೆ ಉಳಿಯುತ್ತದೆ ಎಂಬುದನ್ನು ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ ವಿವರವಾಗಿ ತೋರಿಸುತ್ತದೆ. 1945ರಲ್ಲಿ ಶುರುವಾದ ಅಣೆಕಟ್ಟು 1953ರಲ್ಲಿ ಮುಗಿದು ಕಾಲುವೆಗೆ ನೀರು ಬಿಟ್ಟಾಗ, ಜೋಳ, ಹತ್ತಿ, ಶೇಂಗಾಕ್ಕೆ ಮಿತವಾಗಿ ನೀರು ಹಾಯಿಸಿ ಆದಷ್ಟು ಹೆಚ್ಚು ರೈತರಿಗೆ ತಲುಪಿಸುವುದು ಯೋಜಕರ ಉದ್ದೇಶವಾಗಿತ್ತು. ಒಣಬೇಸಾಯದ ಸ್ಥಳೀಯ ರೈತನಲ್ಲಿ ಹೊಲ ಸಮ ಮಾಡಿಸಿ ಗದ್ದೆ ಕಟ್ಟುವ ಬಂಡವಾಳವಿರಲಿಲ್ಲ, ಬ್ಯಾಂಕು ಹತ್ತಿರವಿರಲಿಲ್ಲ, ಭತ್ತದ ಅನುಭವವಿರಲಿಲ್ಲ. ಆಂಧ್ರದ ಕರಾವಳಿಯ ರೈತರಲ್ಲಿ ಮೂರೂ ಇದ್ದವು. ಅಲ್ಲಿನ ಒಂದೆಕರೆ ಮಾರಿದ ಹಣಕ್ಕೆ ಇಲ್ಲಿ ಹಲವು ಎಕರೆ ಸಿಗುತ್ತಿದ್ದ ಕಾಲದಲ್ಲಿ ಅವರು ಸಿಂಧನೂರು, ಗಂಗಾವತಿ, ಮಾನ್ವಿ ಸೀಮೆಯಲ್ಲಿ ಜಮೀನು ಕೊಂಡು ಕ್ಯಾಂಪುಗಳನ್ನು ಕಟ್ಟಿಕೊಂಡರು. ಇಂದಿಗೂ ಆ ಊರುಗಳ ಹೆಸರಿನ ಕೊನೆಗೆ ಕ್ಯಾಂಪ್ ಎಂದೇ ಇದೆ. ಅವರ ದುಡಿಮೆಯನ್ನು ಹಳಿಯಲು ಕಾರಣವಿಲ್ಲ, ಆ ಸೀಮೆಯನ್ನು ಭತ್ತದ ಕಣಜ ಮಾಡಿದ್ದು ಆ ದುಡಿಮೆಯೇ. ಆದರೆ ಸಾಲದಲ್ಲಿದ್ದ ಸಣ್ಣ ರೈತರು ನೀರು ಬರುವ ಹೊತ್ತಿಗೆ ಅಥವಾ ಬಂದ ಮೇಲೆ ಹೊಲ ಮಾರಿ, ಅದೇ ಸೀಮೆಯಲ್ಲಿ ಕೂಲಿಯವರಾದರು. ಕಾಲುವೆಯ ಮೇಲ್ಭಾಗದವರು ಭತ್ತಕ್ಕೆ ನೀರು ಹಿಡಿದುಕೊಂಡದ್ದರಿಂದ ಕೊನೆಯ ಭಾಗದ ಹೊಲಗಳಿಗೆ ಕಾಗದದ ಮೇಲಿನ ನೀರಷ್ಟೇ ಉಳಿಯಿತು. ಪ್ರತಿ ಹಂಗಾಮಿನಲ್ಲೂ ಅವರ ಧರಣಿ ಪತ್ರಿಕೆಯ ಜಿಲ್ಲಾ ಪುಟದ ಮಾಮೂಲಿ ಸುದ್ದಿ. ಸರ್ಕಾರ ಹಣ ಸುರಿದದ್ದು ನಿಜ, ಉತ್ಪನ್ನ ಹೆಚ್ಚಿದ್ದೂ ನಿಜ. ಹೆಚ್ಚಿದ ಉತ್ಪನ್ನ ಬಂಡವಾಳವೂ ಸಾಲದ ದಾರಿಯೂ ಮೊದಲೇ ಇದ್ದವರ ಮನೆ ಸೇರಿತು.

ಭೂಸುಧಾರಣೆಯ ಕಥೆಯೂ ಇದಕ್ಕೆ ತಕ್ಕಂತೆಯೇ ಇದೆ. ದೇವರಾಜ ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿಯನ್ನು ರದ್ದುಪಡಿಸಿ, ಉಳುವವನೇ ಹೊಲದೊಡೆಯ ಎಂಬ ಘೋಷಣೆಯನ್ನು ಕಾನೂನು ಮಾಡಿತು. ಭೂನ್ಯಾಯ ಮಂಡಳಿಗಳ ಮುಂದೆ ಲಕ್ಷಗಟ್ಟಲೆ ಅರ್ಜಿಗಳು ಬಂದವು. ಭಾರತದಲ್ಲಿ ಕೇರಳ, ಪಶ್ಚಿಮ ಬಂಗಾಳಗಳ ಪಕ್ಕದಲ್ಲಿ ಇದನ್ನು ನಿಲ್ಲಿಸಬೇಕು. ಅದರ ಫಲ ಹೆಚ್ಚು ದಕ್ಕಿದ್ದು ಕರಾವಳಿ, ಉತ್ತರ ಕನ್ನಡ, ಶಿವಮೊಗ್ಗಗಳಲ್ಲಿ. ಅಲ್ಲಿ ಗೇಣಿ ವ್ಯಾಪಕವಾಗಿತ್ತು, ಗೇಣಿದಾರರು ಸಂಘಟಿತರಾಗಿದ್ದರು, ಗೇಣಿದಾರರೇ ನಡೆಸಿದ 1951ರ ಕಾಗೋಡು ಸತ್ಯಾಗ್ರಹದ ನೆನಪು ಹಸಿಯಾಗಿತ್ತು, ಅರ್ಜಿ ಬರೆಯಬಲ್ಲವರೂ ಇದ್ದರು. ಈಶಾನ್ಯದ ಜಿಲ್ಲೆಗಳಲ್ಲಿ ಬಡವರೆಂದರೆ ಬಹುಪಾಲು ಗೇಣಿದಾರರಲ್ಲ, ಜಮೀನೇ ಇಲ್ಲದ ಕೂಲಿಗಳು, ಅವರಲ್ಲಿ ಹೆಚ್ಚಿನವರು ದಲಿತರು. ಗೇಣಿ ಕಾನೂನು ಅವರಿಗೆ ಅನ್ವಯಿಸುವಂತೆಯೇ ಇರಲಿಲ್ಲ. ಅವರಿಗೆ ನೆರವಾಗಬೇಕಿದ್ದ ಗರಿಷ್ಠ ಮಿತಿಯ ಕಾನೂನಿನಡಿ ವಶಕ್ಕೆ ಬಂದ ಹೆಚ್ಚುವರಿ ಜಮೀನು ಅತ್ಯಲ್ಪ. ಕಾನೂನು ರಾಜ್ಯಕ್ಕೆಲ್ಲ ಒಂದೇ ಆಗಿದ್ದರೂ ಆ ಕಾನೂನು ಹೊರಗುಳಿಸಿದ ಜನ ಒಂದೇ ಕಡೆ ಗುಂಪಾಗಿದ್ದರು.

ಹಾಗಾದರೆ ಇತಿಹಾಸವೇ ಹಣೆಬರಹವೆ? ಹಾಗೆಂದು ಒಪ್ಪಲು ಕೇರಳ ಬಿಡುವುದಿಲ್ಲ. ಕರ್ನಾಟಕ ಹುಟ್ಟಿದ ದಿನವೇ ಹುಟ್ಟಿದ ಆ ರಾಜ್ಯಕ್ಕೂ ತನ್ನದೇ ಹೈದರಾಬಾದ್ ಕರ್ನಾಟಕವಿತ್ತು: ಮದರಾಸು ಪ್ರಾಂತ್ಯದಿಂದ ಬಂದ ಮಲಬಾರ್. ಶಾಲೆ, ಆಸ್ಪತ್ರೆಗಳಲ್ಲಿ ತಿರುವಾಂಕೂರು, ಕೊಚ್ಚಿಗಳಿಗಿಂತ ಅದು ತೀರಾ ಹಿಂದಿತ್ತು, ಜಮೀನ್ದಾರಿಕೆಯ ಕ್ರೌರ್ಯಕ್ಕೆ ಹೆಸರಾಗಿತ್ತು. ಆದರೆ 2011ರಲ್ಲಿ ಹಳೆಯ ಮಲಬಾರಿನ ಮಲಪ್ಪುರಂ ಜಿಲ್ಲೆಯ ಸಾಕ್ಷರತೆ ಶೇ. 93.57, ರಾಜ್ಯದ ಸರಾಸರಿಗೂ ಅದಕ್ಕೂ ಅರ್ಧ ಶೇಕಡಾವಾರು ಅಂಶದಷ್ಟೂ ಅಂತರವಿಲ್ಲ. ಹೊಸ ರಾಜ್ಯ ಉತ್ತರದಲ್ಲಿ ಶಾಲೆ ಆಸ್ಪತ್ರೆಗಳನ್ನು ತೆರೆಯುತ್ತಲೇ ಹೋಯಿತು, ಖಾಸಗಿ ಶಾಲೆಯ ಮೇಷ್ಟರಿಗೂ ಸರ್ಕಾರವೇ ಸಂಬಳ ಕೊಟ್ಟಿತು, 1970ರ ಜನವರಿ 1ರಿಂದ ಗೇಣಿ ರದ್ದಾದಾಗ ಕೂಲಿಯವರಿಗೆ ಅವರ ಗುಡಿಸಲು ನಿಂತ ನೆಲದ ಹಕ್ಕೂ ಸಿಕ್ಕಿತು. ಕೊಲ್ಲಿ ದೇಶಗಳ ಹಣ ಇದಕ್ಕೆ ಕಾರಣ ಎನ್ನುವವರು, ಆ ಹಣ ದೊಡ್ಡದಾಗಿ ಬರತೊಡಗಿದ್ದು 1970ರ ದಶಕದ ನಡುವಿನಲ್ಲಿ ಎಂಬುದನ್ನು ಗಮನಿಸಬೇಕು. ಶಾಲೆಗಳು ಅದಕ್ಕಿಂತ ಮೊದಲೇ ಬಂದಿದ್ದವು. ಆರಂಭದ ಸ್ಥಿತಿ ಬಲವಾದದ್ದು, ಆದರೆ ಸರ್ಕಾರ ಅದನ್ನೇ ಗುರಿಯಿಟ್ಟು ಕೆಲಸ ಮಾಡಿದರೆ ಒಂದೆರಡು ತಲೆಮಾರಿನಲ್ಲಿ ಬದಲಾಗುವಂಥದ್ದು.

ಕರ್ನಾಟಕ ಈ ಅಂತರವನ್ನು ಕೂಲಂಕಷವಾಗಿ ಅಳೆದದ್ದು ರಾಜ್ಯಕ್ಕೆ ಐವತ್ತು ತುಂಬುತ್ತ ಬಂದಾಗ. 2000ದಲ್ಲಿ ನೇಮಕವಾದ ಡಾ. ಡಿ.ಎಂ. ನಂಜುಂಡಪ್ಪ ನೇತೃತ್ವದ ಉನ್ನತಾಧಿಕಾರ ಸಮಿತಿ 2002ರ ಜೂನ್‌ನಲ್ಲಿ ವರದಿ ಕೊಟ್ಟಿತು. 35 ಸೂಚಕಗಳಿಂದ 175 ತಾಲ್ಲೂಕುಗಳನ್ನು ತೂಗಿ, 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಗುರುತಿಸಿತು. ಆ 39ರಲ್ಲಿ 21 ಗುಲ್ಬರ್ಗ ವಿಭಾಗವೊಂದರಲ್ಲೇ ಇದ್ದವು. ಆದರೆ ಒಟ್ಟು 114ರಲ್ಲಿ ಉತ್ತರದ ಪಾಲು 59 ಆದರೆ ದಕ್ಷಿಣದ್ದು 55. ಉತ್ತರ ದಕ್ಷಿಣವೆಂಬ ರಾಜಕೀಯ ಭಾಷಣಗಳಲ್ಲಿ ಈ ಅಂಕಿ ಕಾಣಿಸಿಕೊಳ್ಳುವುದು ಅಪರೂಪ. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ಖರ್ಚಾಗಬೇಕು, ಅದರಲ್ಲಿ 16,000 ಕೋಟಿ ಹೆಚ್ಚುವರಿಯಾಗಿ ಬರಬೇಕು ಎಂದು ಸಮಿತಿ ಹೇಳಿತು. ವಿಶೇಷ ಅಭಿವೃದ್ಧಿ ಯೋಜನೆ ಶುರುವಾದದ್ದು 2007-08ರಲ್ಲಿ. ಆಮೇಲೆ ಸಂವಿಧಾನದ 98ನೇ ತಿದ್ದುಪಡಿಯ ಮೂಲಕ 371ಜೆ ವಿಧಿ ಬಂದು, ಹೈದರಾಬಾದ್ ಕರ್ನಾಟಕಕ್ಕೆ ಉದ್ಯೋಗ, ಶಿಕ್ಷಣದಲ್ಲಿ ಮೀಸಲಾತಿಯೂ ಪ್ರತ್ಯೇಕ ಮಂಡಳಿಯೂ ಸಿಕ್ಕಿದವು. 2019ರಲ್ಲಿ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರಾಯಿತು. ಮಂಡಳಿಯ ವಾರ್ಷಿಕ ಅನುದಾನ 2023-24ರಲ್ಲಿ 5,000 ಕೋಟಿಗೆ ಏರಿತು. ಇಷ್ಟು ಹಣ ಕೊಟ್ಟರೂ ಅಂತರ ಮುಚ್ಚಿಲ್ಲವಲ್ಲ, ಹಣದಿಂದ ಆಗದು ಎಂಬ ಆಕ್ಷೇಪವನ್ನು ಪೂರಾ ತಳ್ಳಿಹಾಕಲಾಗದು. ರಸ್ತೆ, ಸಮುದಾಯ ಭವನ, ಕಟ್ಟಡಗಳಿಗೆ ಗುತ್ತಿಗೆ ಬೇಗ ಕೊಡಬಹುದು. ಗಣಿತ, ವಿಜ್ಞಾನದ ಮೇಷ್ಟರ ಖಾಲಿ ಹುದ್ದೆಯನ್ನು ತುಂಬಿ, ಅವರನ್ನು ಅಲ್ಲೇ ಉಳಿಸಿಕೊಳ್ಳುವುದು ನಿಧಾನದ ಕೆಲಸ. ಮಂಡಳಿಯ ಹಣ ಮೊದಲಿನ ಬಗೆಯ ಕೆಲಸಕ್ಕೆ ವಾಲುವುದು ಆಡಳಿತದ ಸ್ವಭಾವ. ಇದು ಹಣ ಬೇಡವೆಂಬುದಕ್ಕೆ ಕಾರಣವಾಗುವುದಿಲ್ಲ. ಎರಡನೆಯ ಬಗೆಯ ಕೆಲಸಕ್ಕೂ ಹಣವೇ ಬೇಕು, ವರ್ಷವರ್ಷವೂ ಬೇಕು.

ಬೆಂಗಳೂರು ಬೆಳೆದರೆ ಅಲ್ಲಿಗೆ ದುಡಿಯಲು ಹೋದವರ ಮೂಲಕ ಹಳ್ಳಿಗೂ ಹಣ ಬರುತ್ತದೆ, ಅಂತರ ಮುಚ್ಚಲು ವಲಸೆಯೇ ಸಾಕು ಎಂಬುದು ಲೂಯಿಸರ ಮಾದರಿಯಿಂದ ಹುಟ್ಟುವ ವಾದ. ಉತ್ತರದ ಹಳ್ಳಿಗಳಿಂದ ಜನ ಗುಳೆ ಹೋಗುವುದು ಹೊಸದಲ್ಲ. ಬೆಂಗಳೂರು, ಪುಣೆ, ಮುಂಬಯಿ, ಗೋವಾಗಳ ಕಟ್ಟಡ ಕೆಲಸ, ಕಬ್ಬು ಕಡಿಯುವ ಕೆಲಸ ಅವರನ್ನು ಹಲವು ದಶಕಗಳಿಂದ ಎಳೆಯುತ್ತಿದೆ. ಆದರೆ ಕರಾವಳಿಯಿಂದ ಮುಂಬಯಿಗೆ ಹೋದವರೂ ವಲಸಿಗರೇ. ಕಂತಿನ ಸಾಲ ಪಡೆಯಬಲ್ಲ, ಹೋಟೆಲಿನ ಗಲ್ಲಾಪೆಟ್ಟಿಗೆಯ ಲೆಕ್ಕ ಬರೆಯಬಲ್ಲ, ರಾತ್ರಿ ಶಾಲೆಯಲ್ಲಿ ಓದು ಮುಂದುವರಿಸಬಲ್ಲ ಹುಡುಗರು ಅಲ್ಲಿಂದ ಹೋದರು. ಕೆಲಸಗಾರರಾಗಿ ಹೋದವರಲ್ಲಿ ಅನೇಕರು ಮಾಲೀಕರಾದರು. ಮೇಸ್ತ್ರಿಯ ಕೈಯಿಂದ ಮುಂಗಡ ಪಡೆದು, ಮಕ್ಕಳನ್ನು ಶಾಲೆ ಬಿಡಿಸಿ, ಕುಟುಂಬ ಸಮೇತ ಗುಳೆ ಹೋಗುವವರು ಮಳೆಗಾಲಕ್ಕೆ ಊರಿಗೆ ಮರಳಿ ಮುಂದಿನ ವರ್ಷ ಅದೇ ಮುಂಗಡ ತೀರಿಸಲು ಮತ್ತೆ ಹೊರಡುತ್ತಾರೆ. ಗುಳೆ ಹಸಿವನ್ನು ತಡೆಯುತ್ತದೆ, ಅದು ಸಣ್ಣ ಉಪಕಾರವಲ್ಲ. ಆದರೆ ತಾಯಿತಂದೆಯ ಜೊತೆ ಹೋದ ಮಗು ಶಾಲೆ ತಪ್ಪಿಸಿಕೊಂಡರೆ ಆರಂಭದ ಅಸಮಾನತೆ ಮುಂದಿನ ತಲೆಮಾರಿಗೆ ದಾಟುತ್ತದೆ.

ಬೆಂಗಳೂರಿನ ಹಣವನ್ನು ಹಿಂದುಳಿದ ಜಿಲ್ಲೆಗಳಿಗೂ ನೇರ ನಗದಿಗೂ ಹರಿಸುವುದು ಬೆಳವಣಿಗೆಗೇ ಪೆಟ್ಟು ಎಂಬ ಮಾತು ಈಚೆಗೆ ಜೋರಾಗಿದೆ. 2023ರಿಂದ ಜಾರಿಯಲ್ಲಿರುವ ಗೃಹಲಕ್ಷ್ಮಿ, ಶಕ್ತಿ ಮುಂತಾದ ಐದು ಗ್ಯಾರಂಟಿಗಳಿಗೆ ವರ್ಷಕ್ಕೆ 50,000 ಕೋಟಿ ರೂಪಾಯಿಗಿಂತ ಹೆಚ್ಚು ಬೇಕು. ಇದರಿಂದ ಬಂಡವಾಳ ವೆಚ್ಚಕ್ಕೆ ಕತ್ತರಿ ಬೀಳಬಹುದೆಂಬ ಆತಂಕ ಪೊಳ್ಳಲ್ಲ. ಆದರೂ ಗೃಹಲಕ್ಷ್ಮಿಯಡಿ ಮನೆಯೊಡತಿಯ ಖಾತೆಗೆ ತಿಂಗಳಿಗೆ ಬರುವ 2,000 ರೂಪಾಯಿ ಬೆಂಗಳೂರಿನಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬಾರದಿದ್ದರೂ ಸುರಪುರದ ಕೂಲಿ ಕುಟುಂಬದಲ್ಲಿ ಗುಳೆಯನ್ನು ಮುಂದೂಡಬಲ್ಲದು, ಮೇಸ್ತ್ರಿಯ ಮುಂಗಡವನ್ನು ಬೇಡವೆನ್ನುವ ಧೈರ್ಯ ಕೊಡಬಲ್ಲದು. ಆದರೆ ನಗದು ಇಂದಿನ ಆದಾಯದ ಅಂತರವನ್ನಷ್ಟೇ ತುಂಬುತ್ತದೆ. ನೆಲ, ಓದು, ಕಸುಬುಗಳ ಅಂತರಕ್ಕೆ ಅದೊಂದೇ ಸಾಲದು. ಇನ್ನು ಬೆಂಗಳೂರು ತನ್ನ ಸ್ವಂತ ಬಲದಿಂದ ಬೆಳೆದ ನಗರ ಎಂಬ ನಂಬಿಕೆಗೆ ಚರಿತ್ರೆಯ ಆಧಾರ ದುರ್ಬಲ. 1909ರ ಭಾರತೀಯ ವಿಜ್ಞಾನ ಸಂಸ್ಥೆಗೆ ಮೈಸೂರು ಸರ್ಕಾರ ಜಮೀನು ಕೊಟ್ಟಿತು. 1940ರ ವಿಮಾನ ಕಾರ್ಖಾನೆಯಲ್ಲಿ ಪಾಲು ಹಾಕಿತು. ಐಟಿಐ, ಎಚ್‌ಎಂಟಿ, ಬಿಇಎಲ್‌ಗಳನ್ನು 1948ರಿಂದ 1954ರ ನಡುವೆ ಕಟ್ಟಿದ್ದು ದೇಶದ ತೆರಿಗೆದಾರರ ಹಣ. ಸಾಫ್ಟ್‌ವೇರ್ ಕಂಪನಿಗಳು ಬಂದಾಗ ಅವರಿಗೆ ಬೇಕಾದ ಎಂಜಿನಿಯರುಗಳು, ಕಾಲೇಜುಗಳು, ಇಂಗ್ಲಿಷ್ ಬಲ್ಲ ಮಧ್ಯಮವರ್ಗ ಸಿದ್ಧವಾಗಿದ್ದದ್ದು ಆ ಹೂಡಿಕೆಯಿಂದ. ಕಲಬುರಗಿಗೆ ಇಂದು ಕೇಳುತ್ತಿರುವುದು ಬೆಂಗಳೂರಿಗೆ ಆಗ ಸಿಕ್ಕಿದ್ದೇ.

ಈ ಚರ್ಚೆಯಲ್ಲಿ ತಾಲ್ಲೂಕು, ಜಿಲ್ಲೆ, ವಿಭಾಗಗಳನ್ನು ಘಟಕವಾಗಿ ಹಿಡಿಯುವ ರೂಢಿಗೂ ಒಂದು ಮಿತಿಯಿದೆ. ನಂಜುಂಡಪ್ಪ ಸೂಚ್ಯಂಕ ತಾಲ್ಲೂಕಿನ ಸರಾಸರಿಯನ್ನು ತೋರಿಸುತ್ತದೆ. ಅದೇ ತಾಲ್ಲೂಕಿನೊಳಗೆ ನೀರಾವರಿ ಗದ್ದೆಯ ಒಡೆಯನಿಗೂ ತಾಂಡಾದ ಕೂಲಿಗೂ ಇರುವ ಅಂತರ ಅದರಲ್ಲಿ ಕಾಣದು. ಬೆಂಗಳೂರು ನಗರ ಜಿಲ್ಲೆಯ ಸರಾಸರಿಯೊಳಗೆ ಪೌರಕಾರ್ಮಿಕರೂ ಮನೆಗೆಲಸದವರೂ ನೀಲಿ ತಾಡಪಾಲಿನ ಶೆಡ್ಡಿನಲ್ಲಿರುವ ಯಾದಗಿರಿಯ ಕಟ್ಟಡ ಕೂಲಿಗಳೂ ಸೇರಿದ್ದಾರೆ. ತಾಲ್ಲೂಕಿಗೆ ಬಂದ ಅನುದಾನ ತಾಲ್ಲೂಕಿನ ಬಲಾಢ್ಯರಿಗೆ ಸೇರುವ ಸಾಧ್ಯತೆ ಇಲ್ಲಿಂದಲೇ ಹುಟ್ಟುತ್ತದೆ, ತುಂಗಭದ್ರೆಯ ನೀರಿಗೆ ಆದದ್ದು ರೂಪಾಯಿಗೂ ಆಗಬಹುದು. ನಂಜುಂಡಪ್ಪ ವರದಿಯ ಎರಡು ದಶಕಗಳ ಫಲವನ್ನು ಪರಿಶೀಲಿಸಿ ಹೊಸ ಸೂಚಕಗಳನ್ನು ರೂಪಿಸಲು ಸರ್ಕಾರ 2024ರಲ್ಲಿ ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿಯನ್ನು ನೇಮಿಸಿತು. ಹೊಸ ತಾಲ್ಲೂಕುಗಳು ರಚನೆಯಾಗಿ ಹಳೆಯ 175ರ ನಕ್ಷೆ ಬದಲಾಗಿದೆ, ಸಾಕ್ಷರತೆಯ ಅಂಕಿಗಳು ಇನ್ನೂ 2011ರ ಜನಗಣತಿಯವು. ಹೋಬಳಿ, ಜಾತಿ, ಲಿಂಗ, ಹಿಡುವಳಿಯ ಗಾತ್ರದವರೆಗೆ ಅಂಕಿಅಂಶ ಇಳಿಯದಿದ್ದರೆ, ಮುಂದಿನ ಹತ್ತು ಇಪ್ಪತ್ತು ವರ್ಷ ಹಂಚುವ ಹಣವೂ ತಾಲ್ಲೂಕಿನ ಸರಾಸರಿಯನ್ನೇ ಏರಿಸುತ್ತ ಹೋಗಬಹುದು.